ಕೆರೆಯಂಚಿನ ಜೇಕು

ಇಂದಿನ ನನ್ನ ಮಾತು ಒಂದು ಹುಲ್ಲನ್ನು ಕುರಿತದ್ದು. ಹುಲ್ಲು ಎಂದೊಡನೆಯೇ ಒಂದು ತಪ್ಪು ಮಾಡಿದಂತಾಯಿತು. ಏಕೆಂದರೆ ಅದು ಹುಲ್ಲಲ್ಲ. ನೋಡುವುದಕ್ಕೆ ಹುಲ್ಲಿನಂತೆಯೇ ಇದೆ, ಎಳೆಯದಾಗಿದ್ದಾಗ ದನಗಳು ಹುಲ್ಲೆಂದೇ ಮೇಯುತ್ತವೆ, ರೈತರು ಹುಲ್ಲಿನ ಲೆಕ್ಕದಲ್ಲಿಯೇ ಅದನ್ನು ಶಪಿಸುತ್ತಾರೆ. ಆದರೂ ಸಸ್ಯಶಾಸ್ತ್ರಜ್ಞರು ಅದನ್ನು ಹುಲ್ಲಿನ ಮನೆತನಕ್ಕೆ ಸೇರಿಸದೆ ಬೇರೆಯದೇ ಒಂದು ಮನೆತನದಲ್ಲಿ ಕೂರಿಸಿದ್ದಾರೆ. ಅದರ ಹೆಸರು ಜೇಕು. ಕೆರೆಯ ನೀರು ಎಲ್ಲಿ ಮುಗಿಯುತ್ತದೆ, ನೆಲ ಎಲ್ಲಿ ಮೊದಲಾಗುತ್ತದೆ ಎಂದು ಖಚಿತವಾಗಿ ಹೇಳಲು ಬಾರದ ಆ ಕೆಸರಿನ ಪಟ್ಟಿಯಲ್ಲಿ ಮೊಣಕಾಲೆತ್ತರಕ್ಕೆ ಬೆಳೆದು, ತಲೆಯ ಮೇಲೆ ಕಂದುಬಣ್ಣದ ಸಣ್ಣದೊಂದು ಕೊಡೆಯನ್ನು ಬಿಚ್ಚಿಕೊಂಡು ನಿಂತಿರುವ ಸಸ್ಯವನ್ನು ನೀವೆಲ್ಲರೂ ಕಂಡಿದ್ದೀರಿ. ಕಂಡೂ ಗಮನಿಸಿರುವುದಿಲ್ಲ. ನಾನೂ ಬಹುಕಾಲ ಗಮನಿಸಿರಲಿಲ್ಲ.

ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಈ ಅಲಕ್ಷ್ಯದ ಕಾರಣವೂ ಸ್ವಲ್ಪಮಟ್ಟಿಗೆ ತಿಳಿದಿದೆ. ನಮ್ಮ ಕಾವ್ಯಗಳಲ್ಲಿ ಸರೋವರದ ವರ್ಣನೆ ಬಂದಿತೆಂದರೆ ತಾವರೆ ಇರಲೇಬೇಕು, ನೈದಿಲೆ ಇರಲೇಬೇಕು, ತುಂಬಿಗಳು ಮೊರೆಯಬೇಕು, ಹಂಸಗಳು ತೇಲಬೇಕು. ಅಷ್ಟಾದಶ ವರ್ಣನೆಗಳ ಕವಿಸಮಯದಲ್ಲಿ ಕೆರೆಯ ನಡುವಿಗೆ ಸಿಕ್ಕ ಮರ್ಯಾದೆ ಕೆರೆಯ ಅಂಚಿಗೆ ಸಿಗಲಿಲ್ಲ. ಹೀಗಾಗಿ ತಾವರೆಗೆ ನೂರು ಪರ್ಯಾಯಪದಗಳನ್ನು ಬಲ್ಲ ಪಂಡಿತನಿಗೂ ಜೇಕನ್ನು ಕಂಡರೆ ಗುರುತು ಹತ್ತುವುದಿಲ್ಲ. ಹೆಸರಿಲ್ಲವೆಂದಲ್ಲ. ಹೊಲಗದ್ದೆಗಳಲ್ಲಿ ದುಡಿಯುವ ಜನ ಇದಕ್ಕೆ ಹೆಸರುಗಳನ್ನು ಧಾರಾಳವಾಗಿಯೇ ಇಟ್ಟಿದ್ದಾರೆ. ಜೇಕು ಎಂಬುದು ಇಡೀ ಮನೆತನಕ್ಕೆ ಸಲ್ಲುವ ಹೆಸರು. ಅದರಲ್ಲಿ ಸುವಾಸನೆಯ ಗಡ್ಡೆಯುಳ್ಳ, ಎಲ್ಲರಿಗಿಂತ ಹೆಚ್ಚು ಪ್ರಸಿದ್ಧವಾದ ಜಾತಿಗೆ ಕೊನ್ನಾರಿ, ತುಂಗೆಗಡ್ಡೆ, ಭದ್ರಮುಷ್ಟಿ ಎಂಬ ಹೆಸರುಗಳುಂಟು. ಸಂಸ್ಕೃತದಲ್ಲಿ ಅದೇ ಮುಸ್ತಾ. ವಿಜ್ಞಾನಿಗಳು ಅದನ್ನು ಸೈಪರಸ್ ರೋಟಂಡಸ್ ಎಂದೂ, ಅದರ ಮನೆತನವನ್ನು ಸೈಪರೇಸಿ ಎಂದೂ ಕರೆಯುತ್ತಾರೆ.

ಈ ಮನೆತನ ಸಣ್ಣದಲ್ಲ. ಪ್ರಪಂಚದಲ್ಲಿ ಸುಮಾರು 5,500 ಜಾತಿಯ ಜೇಕುಗಳಿವೆ. ಶೀತಪ್ರದೇಶದ ಜೌಗಿನಿಂದ ಹಿಡಿದು ನಮ್ಮ ಗದ್ದೆಯ ಬದುವಿನವರೆಗೆ ನೀರು ನಿಲ್ಲುವ ಕಡೆಯಲ್ಲೆಲ್ಲ ಇವುಗಳ ಬಿಡಾರವಿದೆ. ಓದುಬರಹದವರಾದ ನಾವು ನೆನೆಯಬೇಕಾದ ಒಂದು ಸಂಗತಿಯೂ ಇಲ್ಲಿದೆ. ಪ್ರಾಚೀನ ಈಜಿಪ್ಟಿನ ಜನ ಗ್ರಂಥಗಳನ್ನು ಬರೆದುಕೊಂಡ ಪಪೈರಸ್ ಎಂಬುದು ನೈಲ್ ನದಿಯ ಜೌಗಿನಲ್ಲಿ ಆಳೆತ್ತರ ಮೀರಿ ಬೆಳೆಯುವ ಒಂದು ಜೇಕು. ನಮ್ಮ ಕೊನ್ನಾರಿಯ ಹತ್ತಿರದ ದಾಯಾದಿ. ಇಂಗ್ಲಿಷಿನ ಪೇಪರ್ ಎಂಬ ಶಬ್ದ ಹುಟ್ಟಿದ್ದು ಅದರಿಂದಲೇ. ನಾವು ಓಲೆಗರಿಯ ಮೇಲೆ ಕಂಠದಿಂದ ಬರೆಯುತ್ತಿದ್ದೆವು, ಅವರು ಜೇಕಿನ ತಿರುಳಿನ ಮೇಲೆ ಬರೆಯುತ್ತಿದ್ದರು. ನಮ್ಮಲ್ಲಿ ಜೇಕಿಗೆ ಗ್ರಂಥವಾಗುವ ಭಾಗ್ಯ ಬರಲಿಲ್ಲ. ಚಾಪೆಯಾಗುವ ಭಾಗ್ಯ ಬಂದಿತು. ತಮಿಳುನಾಡಿನ ತಾಮ್ರಪರ್ಣಿಯ ದಂಡೆಯ ಪತ್ತಮಡೈ ಚಾಪೆಯೂ, ಬಂಗಾಳದ ಮೇದಿನೀಪುರದ ಮಾದೂರ್ ಚಾಪೆಯೂ ಜೇಕಿನ ಕಾಂಡಗಳನ್ನು ಸೀಳಿ ನೇಯ್ದವು.

ಜೇಕನ್ನು ಹುಲ್ಲಿನಿಂದ ಬೇರೆಮಾಡಿ ಗುರುತಿಸುವುದು ಹೇಗೆ? ಅದಕ್ಕೆ ಸೂಕ್ಷ್ಮದರ್ಶಕವೇನೂ ಬೇಡ, ಹೆಬ್ಬೆರಳು ತೋರುಬೆರಳು ಇದ್ದರೆ ಸಾಕು. ಹುಲ್ಲಿನ ದಂಟನ್ನು ಬೆರಳುಗಳ ನಡುವೆ ಹಿಡಿದು ಹೊರಳಿಸಿದರೆ ಅದು ನುಣ್ಣಗೆ ಉರುಳುತ್ತದೆ. ಏಕೆಂದರೆ ಅದು ದುಂಡಗಿದೆ, ಒಳಗೆ ಟೊಳ್ಳಾಗಿದೆ, ನಡುನಡುವೆ ಗೆಣ್ಣುಗಳಿವೆ. ಜೇಕಿನ ದಂಟು ಹಾಗೆ ಉರುಳುವುದಿಲ್ಲ, ತಡೆತಡೆದು ಮಗ್ಗುಲು ಬದಲಿಸುತ್ತದೆ. ಅದಕ್ಕೆ ಮೂರು ಅಂಚುಗಳಿವೆ. ಒಳಗೆ ತಿರುಳು ತುಂಬಿದೆ. ಬುಡದಿಂದ ಹೂವಿನವರೆಗೆ ಸಾಮಾನ್ಯವಾಗಿ ಒಂದು ಗೆಣ್ಣೂ ಕಾಣುವುದಿಲ್ಲ. ಹುಲ್ಲಿನ ಎಲೆಗಳು ಎರಡು ಸಾಲಾಗಿ ಹೊರಡುತ್ತವೆ, ಜೇಕಿನವು ಮೂರು ಸಾಲಾಗಿ. ದುಂಡುದಂಟಿನ ಜೇಕುಗಳೂ ಕೆಲವುಂಟು. ಆದರೆ ನಮ್ಮ ಕೆರೆಯಂಚಿನಲ್ಲಿ ಕಾಣುವ ಬಹುಪಾಲಿಗೆ ಈ ಪರೀಕ್ಷೆ ಸಾಕು. ಹೂವಿಗೆ ದಳಗಳಿಲ್ಲ, ಬಣ್ಣದ ಬೆಡಗಿಲ್ಲ, ದುಂಬಿಯನ್ನು ಕರೆಯುವ ಮಧುವೂ ಇಲ್ಲ. ಪರಾಗವನ್ನು ಗಾಳಿಯ ಕೈಗೆ ಒಪ್ಪಿಸಿ ಅದು ನಿಶ್ಚಿಂತೆಯಿಂದಿರುತ್ತದೆ. ಕವಿಗಳ ಕಣ್ಣಿಗೆ ಬೀಳದಿದ್ದುದರಲ್ಲಿ ಆಶ್ಚರ್ಯವೇನಿದೆ?

ಆದರೆ ಮಹಾಕವಿಯೊಬ್ಬನ ಕಣ್ಣಿಗೆ ಅದು ಬಿದ್ದಿದೆ. ಶಾಕುಂತಲದ ಎರಡನೆಯ ಅಂಕವನ್ನು ನೆನೆಯಿರಿ. ಶಕುಂತಲೆಯನ್ನು ಕಂಡಮೇಲೆ ದುಷ್ಯಂತನಿಗೆ ಬೇಟೆಯಲ್ಲಿ ಮನಸ್ಸಿಲ್ಲ. ಇಂದು ಕಾಡಿನ ಪ್ರಾಣಿಗಳು ನೆಮ್ಮದಿಯಿಂದಿರಲಿ ಎಂದು ಅವನು ಸೇನಾಪತಿಗೆ ಹೇಳುತ್ತಾನೆ. ಆ ಪದ್ಯದಲ್ಲಿ ಕಾಳಿದಾಸ ಕೋಣಗಳನ್ನು ನೀರಿಗಿಳಿಸುತ್ತಾನೆ, ಜಿಂಕೆಗಳನ್ನು ನೆರಳಿಗೆ ಕಳುಹಿಸುತ್ತಾನೆ, ಕಾಡುಹಂದಿಗಳನ್ನು ಮಾತ್ರ ಕೊಳದ ಕೆಸರಿನಲ್ಲಿ ಮುಸ್ತೆಯನ್ನು ಕೀಳಲು ಬಿಡುತ್ತಾನೆ. ಋತುಸಂಹಾರದ ಗ್ರೀಷ್ಮವರ್ಣನೆಯಲ್ಲಿಯೂ ಬತ್ತಿದ ಸರೋವರ, ಭದ್ರಮುಸ್ತೆ, ಹಂದಿಗಳ ಹಿಂಡು ಒಟ್ಟಿಗೇ ಬರುತ್ತವೆ. ತರಗತಿಯಲ್ಲಿ ಈ ಪದ್ಯಗಳ ಪ್ರಸ್ತಾಪ ಬಂದಾಗಲೆಲ್ಲ ನಾನು ಮುಸ್ತಾ ಎಂದರೆ ಒಂದು ಬಗೆಯ ಹುಲ್ಲಿನ ಗಡ್ಡೆ ಎಂದು ಅರ್ಥ ಹೇಳಿ ಮುಂದಕ್ಕೆ ಹೋಗುತ್ತಿದ್ದೆ. ಕವಿ ಕಣ್ಣಾರೆ ಕಂಡು ಬರೆದದ್ದನ್ನು ನಾನು ನಿಘಂಟಿನಲ್ಲಿ ನೋಡಿ ಪಾಠ ಹೇಳುತ್ತಿದ್ದೆನೆಂಬುದು ನನಗೆ ಹೊಳೆದದ್ದು ನಿವೃತ್ತನಾದಮೇಲೆ.

ಹಂದಿ ಅದನ್ನು ಕೀಳುವುದೇಕೆ? ಕೊನ್ನಾರಿಯ ನಿಜವಾದ ಸಂಸಾರ ನೆಲದೊಳಗಿದೆ. ಮೇಲಿನ ಗಿಡವನ್ನು ಕಿತ್ತರೆ ಕೈಗೆ ಬರುವುದು ನಾಲ್ಕು ಎಲೆ ಮಾತ್ರ. ಕೆಳಗೆ ದಾರದಂಥ ಬೇರುಕಾಂಡಗಳು ಹರಿದಾಡುತ್ತ, ಗೇಣು ಗೇಣಿಗೆ ಒಂದೊಂದು ಗಡ್ಡೆ ಕಟ್ಟುತ್ತ, ಆ ಗಡ್ಡೆಯಿಂದ ಮತ್ತೊಂದು ಎಳೆ ಹೊರಡಿಸುತ್ತ ಜಪಸರದ ಹಾಗೆ ಸಾಗುತ್ತವೆ. ಗಡ್ಡೆಯಲ್ಲಿ ಪಿಷ್ಟ ತುಂಬಿದೆ, ಜೊತೆಗೆ ಒಂದು ಗಂಧವೂ ಇದೆ. ಆಯುರ್ವೇದ ಅದನ್ನು ಜ್ವರಕ್ಕೂ ಅತಿಸಾರಕ್ಕೂ ಬಳಸುತ್ತದೆ. ಜ್ವರದಲ್ಲಿ ಕುಡಿಯಲು ಕೊಡುವ ಷಡಂಗಪಾನೀಯದ ಆರು ದ್ರವ್ಯಗಳಲ್ಲಿ ಮುಸ್ತೆಯೂ ಒಂದು. ಮನುಷ್ಯನೂ ಒಂದು ಕಾಲಕ್ಕೆ ಇದನ್ನು ಆಹಾರವಾಗಿ ತಿಂದಿದ್ದಾನೆ. ಸೂಡಾನಿನ ಅಲ್ ಖಿದೈ ಎಂಬಲ್ಲಿ ದೊರೆತ ಪ್ರಾಚೀನ ಅಸ್ಥಿಪಂಜರಗಳ ಹಲ್ಲಿನ ಗಾರೆಯನ್ನು ಪರೀಕ್ಷಿಸಿದ ವಿದ್ವಾಂಸರು, ಬೇಸಾಯ ಬರುವುದಕ್ಕೆ ಮುಂಚಿನಿಂದಲೂ ಅಲ್ಲಿಯ ಜನ ಕೊನ್ನಾರಿಗಡ್ಡೆ ತಿನ್ನುತ್ತಿದ್ದರೆಂದು 2014ರಲ್ಲಿ ಪ್ರಕಟಿಸಿದರು.

ಈ ಗಡ್ಡೆಯ ಅರ್ಥ ನಮ್ಮ ಕೆರೆಗಳ ಸ್ವಭಾವವನ್ನು ಬಲ್ಲವರಿಗೆ ಬೇಗ ತಿಳಿಯುತ್ತದೆ. ಬಯಲುಸೀಮೆಯ ಕೆರೆ ವರ್ಷವಿಡೀ ಒಂದೇ ರೂಪದಲ್ಲಿರುವುದಿಲ್ಲ. ಆಶ್ವೀಜ ಕಾರ್ತಿಕಗಳಲ್ಲಿ ಅದು ಕಡಲು, ಮಾಘ ಫಾಲ್ಗುಣಗಳಲ್ಲಿ ಕೆಸರು, ಚೈತ್ರ ವೈಶಾಖಗಳಲ್ಲಿ ದನ ಮೇಯುವ ಬಯಲು. ಹೀಗೆ ಮೂರು ವೇಷ ಹಾಕುವ ನೆಲದಲ್ಲಿ ಬಾಳುವ ಗಿಡಕ್ಕೆ ಎರಡು ವಿದ್ಯೆ ಬೇಕು: ಮುಳುಗಿದಾಗ ಉಸಿರಾಡುವ ವಿದ್ಯೆ, ಒಣಗಿದಾಗ ನಿದ್ರಿಸುವ ವಿದ್ಯೆ. ಗಡ್ಡೆಯೇ ಆ ನಿದ್ರೆ. ನೆಲ ಬಿರಿದು ಮೇಲೆಲ್ಲ ಹುಡಿಯಾದರೂ ಒಳಗೆ ಗಡ್ಡೆ ಜೀವ ಹಿಡಿದುಕೊಂಡಿರುತ್ತದೆ. ಮೊದಲ ಮಳೆಗೆ ಮೊಳಕೆ ಚಾಚುತ್ತದೆ.

ಉಸಿರಾಟದ ವಿದ್ಯೆ ಇನ್ನೂ ಸೋಜಿಗದ್ದು. ನೀರು ನಿಂತ ಕೆಸರಿನಲ್ಲಿ ಪ್ರಾಣವಾಯು ಇರುವುದಿಲ್ಲ. ಮೆಕ್ಕೆಜೋಳದ ಬೇರನ್ನು ಅಲ್ಲಿಟ್ಟರೆ ಕೊಳೆತುಹೋಗುತ್ತದೆ. ನೀರಿನಲ್ಲಿ ಬಾಳುವ ಜೇಕುಗಳ ಕಾಂಡವನ್ನು ಅಡ್ಡಲಾಗಿ ಕೊಯ್ದು ನೋಡಿದರೆ ಒಳಗೆ ಜೇನುಹಟ್ಟಿಯ ಕೋಣೆಗಳಂತೆ ಗಾಳಿಯ ನಾಳಗಳು ಕಾಣುತ್ತವೆ. ಎಲೆಯ ಮೂಲಕ ಒಳಹೊಕ್ಕ ಗಾಳಿ ಈ ನಾಳಗಳಲ್ಲಿ ಇಳಿದು ಬೇರಿನ ತುದಿ ಮುಟ್ಟುತ್ತದೆ. ಅಷ್ಟೇ ಅಲ್ಲ, ಅದರಲ್ಲಿ ಸ್ವಲ್ಪ ಭಾಗ ಬೇರಿನಿಂದ ಹೊರಗೆ ಸೋರುತ್ತದೆ. ಜೌಗಿನಿಂದ ಕಿತ್ತ ಬೇರಿನ ಮೇಲೆ ಕೆಲವೊಮ್ಮೆ ತುಕ್ಕಿನಂಥ ಕೆಂಪು ಲೇಪ ಕಾಣುವುದುಂಟು. ಕಪ್ಪುಕೆಸರಿನೊಳಗಿನ ಕಬ್ಬಿಣ ಬೇರಿನ ಸುತ್ತಲ ಗಾಳಿಗೆ ಸೋಕಿ ಹಿಡಿದ ತುಕ್ಕೇ ಅದು.

ಹೀಗೆ ಸೋರಿದ ಗಾಳಿ ಬೇರಿನ ಸುತ್ತ ಕೂದಲೆಳೆಯಷ್ಟು ದಪ್ಪದ ಒಂದು ಬೇರೆ ಲೋಕವನ್ನೇ ಕಟ್ಟುತ್ತದೆ. ಗಾಳಿ ಬೇಕಾದ ಅಣುಜೀವಿಗಳು ಬೇರಿಗೆ ಅಂಟಿಕೊಂಡು ಬಾಳುತ್ತವೆ, ಗಾಳಿ ಬೇಡದವು ತುಸು ದೂರದ ಕೆಸರಿನಲ್ಲಿ ಬಾಳುತ್ತವೆ. ಊರಿನಿಂದ ಹರಿದುಬಂದ ಕೊಳಕಿನಲ್ಲಿರುವ ಅಮೋನಿಯವನ್ನು ಮೊದಲನೆಯವು ನೈಟ್ರೇಟಾಗಿ ಮಾರ್ಪಡಿಸುತ್ತವೆ. ಆ ನೈಟ್ರೇಟನ್ನು ಎರಡನೆಯವು ಒಡೆದು ಸಾರಜನಕವಾಗಿ ಆಕಾಶಕ್ಕೆ ಬಿಟ್ಟುಬಿಡುತ್ತವೆ. ಎರಡು ಕೆಲಸ ಅಕ್ಕಪಕ್ಕದಲ್ಲಿ ನಡೆದರೆ ಮಾತ್ರ ನೀರು ಹಗುರಾಗುತ್ತದೆ. ಬರಿಯ ಕೆಸರಿನಲ್ಲಿ ಇದು ಕುಂಟುತ್ತದೆ. ಬೇರು ಹಬ್ಬಿದ ಕೆಸರಿನಲ್ಲಿ ಚೆನ್ನಾಗಿ ಸಾಗುತ್ತದೆ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕದಿಂದ ಹೊರಬಂದ ನೀರನ್ನು ನೇರವಾಗಿ ಕೆರೆಗೆ ಬಿಡದೆ, ಜೊಂಡು ಮೊದಲಾದ ಗಿಡಗಳು ಬೆಳೆದ ಜೌಗಿನ ಮೂಲಕ ಹಾಯಿಸಿ ಬಿಡುವ ಏರ್ಪಾಡು ಮಾಡಿದ್ದು ಈ ತತ್ತ್ವದ ಮೇಲೆಯೇ. ಆದರೆ ಜೇಕಿಗೂ ಜೊಂಡಿಗೂ ಒಂದು ಮಿತಿಯುಂಟು. ನಗರದ ಚರಂಡಿಯನ್ನೆಲ್ಲ ಹಾಗೆಯೇ ತಂದು ಸುರಿದರೆ ಯಾವ ಗಿಡವೂ ಕೆರೆಯನ್ನು ಉಳಿಸಲಾರದು. ಬೆಳ್ಳಂದೂರು ಕೆರೆ ನೊರೆಯುಕ್ಕಿಸಿ 2015ರಲ್ಲಿ ಬೆಂಕಿಯನ್ನೇ ಹೊತ್ತಿಸಿಕೊಂಡದ್ದನ್ನು ನಾವು ಮರೆತಿಲ್ಲ.

ಇನ್ನು ಜೇಕು ಕಣ್ಣಿಗೆ ಕಾಣುವಂತೆ ಮಾಡುವ ಉಪಕಾರಗಳು. ಮಳೆನೀರು ಮಣ್ಣು ಹೊತ್ತು ರಭಸದಿಂದ ಕೆರೆಗಿಳಿಯುವಾಗ ದಟ್ಟವಾಗಿ ನಿಂತ ದಂಟುಗಳು ಅದರ ವೇಗವನ್ನು ತಗ್ಗಿಸುತ್ತವೆ. ವೇಗ ತಗ್ಗಿದ ನೀರು ಮಣ್ಣನ್ನು ಅಂಚಿನಲ್ಲಿಯೇ ಇಳಿಸುತ್ತದೆ. ಗಾಳಿಗೆ ಎದ್ದ ಅಲೆ ದಡವನ್ನು ಕೊರೆಯದಂತೆ ಬೇರಿನ ಬಲೆ ಹಿಡಿಯುತ್ತದೆ. ದಂಟುಗಳ ನೆರಳಿನಲ್ಲಿ ಮೀನುಮರಿಗಳು ಅಡಗುತ್ತವೆ, ಕಪ್ಪೆ ಮೊಟ್ಟೆ ತೂಗುಹಾಕುತ್ತದೆ. ಮಕ್ಕಳು ಏರೋಪ್ಲೇನ್ ಚಿಟ್ಟೆಯೆಂದು ಕರೆಯುವ ಹುಳುವಿನ ಬಾಲ್ಯವೆಲ್ಲ ನೀರಿನೊಳಗೆ. ರೆಕ್ಕೆ ಮೂಡುವ ಕಾಲಕ್ಕೆ ಅದು ಇಂಥ ದಂಟನ್ನೇ ಹತ್ತಿ ನೀರಿನಿಂದ ಮೇಲೆ ಬಂದು, ಹಳೆಯ ಚರ್ಮವನ್ನು ಅಲ್ಲಿಯೇ ತೊಡೆದು ಹಾರಿಹೋಗಬೇಕು. ದಂಟಿಲ್ಲದಿದ್ದರೆ ಏಣಿಯಿಲ್ಲ. ನೀರಿನಲ್ಲಿದ್ದಾಗ ಈ ಹುಳು ಸೊಳ್ಳೆಯ ಮರಿಗಳನ್ನು ತಿನ್ನುತ್ತದೆ, ಹಾರಿದಮೇಲೆ ಸೊಳ್ಳೆಗಳನ್ನು ಹಿಡಿಯುತ್ತದೆ ಎಂಬುದನ್ನೂ ಪಟ್ಟಣದವರು ಅರಿತಿರುವುದು ಒಳ್ಳೆಯದು. ನೇರಳೆ ಜಂಬುಕೋಳಿ ದಂಟನ್ನು ಕಿತ್ತು, ಮನುಷ್ಯ ಕಬ್ಬು ಹಿಡಿಯುವಂತೆ ಕಾಲಬೆರಳುಗಳಲ್ಲಿ ಹಿಡಿದು, ಒಳಗಿನ ಎಳೆಯ ತಿರುಳನ್ನು ತಿನ್ನುತ್ತದೆ. ಚಳಿಗಾಲಕ್ಕೆ ಉತ್ತರದಿಂದ ಬರುವ ಬಾತುಗಳು ಜೇಕಿನ ಸಾಸಿವೆಗಿಂತ ಸಣ್ಣ ಬೀಜಗಳನ್ನು ಕೆಸರಿನಿಂದ ಸೋಸಿ ತೆಗೆಯುತ್ತವೆ.

ಆ ಬೀಜಗಳ ಮಾತು ಬಂದಿತೆಂದು ಒಂದು ಕಥೆ. ಕೊನ್ನಾರಿ ಬೀಜಕ್ಕಿಂತ ಗಡ್ಡೆಯನ್ನು ನಂಬಿದ ಗಿಡ. ಅದರ ದಾಯಾದಿಗಳಲ್ಲಿ ಅನೇಕರು ಬೀಜವನ್ನೇ ನಂಬಿದವರು. ಆ ಬೀಜ ಕೆಸರಿನಲ್ಲಿ ವರ್ಷಗಟ್ಟಲೆ ಕಾಯಬಲ್ಲದು. ಚಾರ್ಲ್ಸ್ ಡಾರ್ವಿನ್ ಒಂದು ಫೆಬ್ರವರಿಯಲ್ಲಿ ಸಣ್ಣ ಕೊಳವೊಂದರ ಅಂಚಿನಿಂದ ಮೂರು ದೊಡ್ಡ ಚಮಚೆ ಕೆಸರನ್ನು ತಂದು, ತನ್ನ ಓದುವ ಕೋಣೆಯಲ್ಲಿ ಆರು ತಿಂಗಳು ಮುಚ್ಚಿಟ್ಟು, ಮೊಳೆತ ಸಸಿಗಳನ್ನು ಒಂದೊಂದಾಗಿ ಕಿತ್ತು ಎಣಿಸಿದ. ಉಪಾಹಾರದ ಬಟ್ಟಲೊಂದರಲ್ಲಿ ಹಿಡಿಯುವಷ್ಟು ಆ ಕೆಸರಿನಿಂದ 537 ಸಸಿಗಳು ಬಂದವು. 1859ರಲ್ಲಿ ಪ್ರಕಟವಾದ ಅವನ ಪ್ರಸಿದ್ಧ ಗ್ರಂಥದಲ್ಲಿ ಈ ಲೆಕ್ಕವಿದೆ. ನೀರುಹಕ್ಕಿಯ ಕಾಲಿಗೆ ಮೆತ್ತಿದ ಕೆಸರಿನಲ್ಲಿ ಒಂದು ಕೊಳದ ಸಸ್ಯಸಂತಾನ ಇನ್ನೊಂದು ಕೊಳಕ್ಕೆ ಪ್ರಯಾಣ ಮಾಡಬಲ್ಲದೆಂದು ತೋರಿಸುವುದು ಅವನ ಉದ್ದೇಶ. ಕೆಸರೆಂದು ನಾವು ಮೂಗು ಮುರಿಯುವುದು ನಿಜವಾಗಿ ಒಂದು ಕಣಜ.

ಈಗ ನಾನು ನಿಮ್ಮನ್ನು ಸ್ವಲ್ಪಹೊತ್ತು ರಾಜಸ್ಥಾನದ ಭರತಪುರಕ್ಕೆ ಕರೆದೊಯ್ಯಬೇಕು. ಒಂದು ಗಡ್ಡೆಯ ಬೆಲೆ ಎಷ್ಟೆಂಬುದನ್ನು ಅಲ್ಲಿಯಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣಲಾರೆವು. ಅಲ್ಲಿಯ ಕೇವಲಾದೇವ ಜೌಗು ಸುಮಾರು 29 ಚದರ ಕಿಲೋಮೀಟರ್ ವಿಸ್ತಾರವುಳ್ಳದ್ದು. ಹಿಂದೆ ಮಹಾರಾಜರು ಬಾತುಗಳ ಬೇಟೆಗೆಂದು ಕಾಪಾಡಿಕೊಂಡಿದ್ದ ನೀರು. 1938ರಲ್ಲಿ ವೈಸರಾಯರ ಬೇಟೆಯ ದಿನ ಒಂದೇ ಹಗಲಿನಲ್ಲಿ 4,273 ಹಕ್ಕಿಗಳನ್ನು ಹೊಡೆದುರುಳಿಸಿದ ದಾಖಲೆ ಅಲ್ಲಿಯ ಕಲ್ಲಿನ ಮೇಲೆ ಕೊರೆದಿದೆ. ಅಲ್ಲಿಗೆ ಪ್ರತಿ ಚಳಿಗಾಲದಲ್ಲಿ ಪಶ್ಚಿಮ ಸೈಬೀರಿಯದಿಂದ ಸುಮಾರು 5,000 ಕಿಲೋಮೀಟರ್ ಹಾರಿ ಒಂದು ಜಾತಿಯ ಕೊಕ್ಕರೆ ಬರುತ್ತಿತ್ತು. ಮಂಜಿನಂಥ ಬಿಳುಪು, ಕೆಂಪು ಮುಖ, ರೆಕ್ಕೆಯ ತುದಿ ಮಾತ್ರ ಕಪ್ಪು; ಸೈಬೀರಿಯದ ಕ್ರೌಂಚವೆನ್ನೋಣ. ಅಷ್ಟು ದೂರದಿಂದ ಬಂದ ಅತಿಥಿ ಇಲ್ಲಿ ತಿನ್ನುತ್ತಿದ್ದುದು ಮೀನನ್ನಲ್ಲ, ಕಪ್ಪೆಯನ್ನಲ್ಲ. ತೆಳುನೀರಿನಲ್ಲಿ ಕತ್ತಿನವರೆಗೆ ಕೊಕ್ಕು ಮುಳುಗಿಸಿ ಜೇಕಿನ ಗಡ್ಡೆಗಳನ್ನು ಅಗೆದು ತಿನ್ನುತ್ತಿತ್ತು. ಕಾಳಿದಾಸನ ಹಂದಿಗೆ ಬೇಕಾದುದೇ ಈ ಕ್ರೌಂಚಕ್ಕೂ ಬೇಕು.

ಆ ಜೌಗನ್ನು 1980ರ ದಶಕದ ಆರಂಭದಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದರು. ಹಕ್ಕಿಗಳ ನಾಡಿನಲ್ಲಿ ಎಮ್ಮೆಗಳಿಗೇನು ಕೆಲಸ ಎಂಬ ವಾದ ಅಂದಿನ ಹಿರಿಯ ಪಕ್ಷಿತಜ್ಞರಿಗೂ ಸರಿಯೆನಿಸಿತು. 1982ರಲ್ಲಿ ಮೇವಿಗೆ ನಿಷೇಧ ಬಂದಿತು. ತಲೆಮಾರುಗಳಿಂದ ಅಲ್ಲಿ ದನ ಎಮ್ಮೆ ಮೇಯಿಸುತ್ತಿದ್ದ ಹಳ್ಳಿಗರು ಪ್ರತಿಭಟಿಸಿದರು, ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ಎಮ್ಮೆಗಳು ಹೊರಗಾದವು. ಆಗ ನಡೆದದ್ದನ್ನು ಯಾರೂ ನಿರೀಕ್ಷಿಸಿರಲಿಲ್ಲ. ಎಮ್ಮೆಗಳು ಮೇದು ಹದ್ದಿನಲ್ಲಿಟ್ಟಿದ್ದ ಪಾಸ್ಪಾಲಮ್ ಎಂಬ ನೀರುಹುಲ್ಲು ಚಾಪೆ ಹಾಸಿದಂತೆ ಬೆಳೆದು ತೆರೆದ ತೆಳುನೀರನ್ನೆಲ್ಲ ಮುಚ್ಚಿತು. ಅದರಡಿಯಲ್ಲಿ ಬೇರೆ ಗಿಡಗಳು ಉಸಿರುಕಟ್ಟಿದವು; ಹಕ್ಕಿಗಳಿಗೆ ಅಗೆಯುವ ಎಡೆ ತಪ್ಪಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು 1980ರಿಂದ 1990ರವರೆಗೆ ಹತ್ತು ವರ್ಷ ಅಲ್ಲಿ ಕುಳಿತು ಅಧ್ಯಯನ ಮಾಡಿ, ಮೇವಿನ ನಿಷೇಧದಿಂದ ಜೌಗಿಗೆ ಕೇಡಾಗಿದೆ, ಎಮ್ಮೆಗಳು ಆ ವ್ಯವಸ್ಥೆಯ ಒಂದು ಅಂಗವೇ ಆಗಿದ್ದವು ಎಂದು ಒಪ್ಪಿಕೊಂಡರು. ತಮ್ಮ ಮುನ್ನಂಬಿಕೆಗೆ ವಿರೋಧವಾದ ಸತ್ಯವನ್ನು ಕಂಡಾಗ ಮರೆಮಾಡದೆ ಹೇಳಿದ ಆ ವಿದ್ವಾಂಸರನ್ನು ಮೆಚ್ಚಬೇಕು.

ಕ್ರೌಂಚಗಳೇನಾದವು? 1960ರ ದಶಕದ ನಡುವಿನಲ್ಲಿ ಸುಮಾರು 200 ಬರುತ್ತಿದ್ದವು. 1980ರ ವೇಳೆಗೆ ನಾಲ್ಕು ಹತ್ತರ ಆಸುಪಾಸಿಗೆ ಇಳಿದಿದ್ದವು. ಆಮೇಲೆ ಬೆರಳಲ್ಲಿ ಎಣಿಸುವಷ್ಟು. 2002ರಲ್ಲಿ ಕೊನೆಯದಾಗಿ ಕಂಡದ್ದು ಒಂದು ಜೋಡಿ. ಆಮೇಲೆ ಅವು ಬರಲೇ ಇಲ್ಲ. ಇದಕ್ಕೆಲ್ಲ ಜೇಕಿನ ಗಡ್ಡೆ ಎಟುಕದಿದ್ದುದೇ ಕಾರಣವೆಂದರೆ ಸತ್ಯಕ್ಕೆ ಅಪಚಾರವಾದೀತು. ಅಫ್ಘಾನಿಸ್ತಾನ ಪಾಕಿಸ್ತಾನಗಳ ದಾರಿಯಲ್ಲಿ ನಡೆದ ಬೇಟೆ, ದಾರಿಯ ತಂಗುದಾಣಗಳು ಬತ್ತಿದ್ದು ಇವೇ ದೊಡ್ಡ ಕಾರಣಗಳು. ಆದರೆ ದಾರಿಯುದ್ದಕ್ಕೂ ಗುಂಡನ್ನು ತಪ್ಪಿಸಿಕೊಂಡು ಬಂದ ಅಳಿದುಳಿದ ಅತಿಥಿಗೆ, ಇಲ್ಲಿಯಾದರೂ ಎಲೆ ಹಾಸಿ ಬಡಿಸುವ ಸ್ಥಿತಿಯಲ್ಲಿ ನಾವಿರಲಿಲ್ಲ. ನನಗೆ ಮತ್ತೆ ಶಾಕುಂತಲದ ಆ ಪದ್ಯ ನೆನಪಾಗುತ್ತದೆ. ಕೋಣವನ್ನು ನೀರಿನಲ್ಲಿಯೂ, ಮುಸ್ತೆಯನ್ನು ಕೆಸರಿನಲ್ಲಿಯೂ ಕವಿ ಒಂದೇ ಉಸಿರಿನಲ್ಲಿ ಇರಿಸಿದ. ನಾವು ಒಂದನ್ನು ಓಡಿಸಿ ಇನ್ನೊಂದನ್ನು ಕಾಯಲು ಹೊರಟೆವು.

ಇಷ್ಟೆಲ್ಲ ಹೇಳಿದಮೇಲೆ ರೈತಬಾಂಧವರ ಆಕ್ಷೇಪಣೆ ನನಗೆ ಕೇಳಿಸುತ್ತಿದೆ. ಜೇಕನ್ನು ಹೊಗಳುವವನು ಒಂದು ದಿನ ಹೊಲದಲ್ಲಿ ಜೇಕು ಕಿತ್ತು ನೋಡಲಿ ಎಂದು ಅವರು ಹೇಳಿದರೆ ನಾನು ತಲೆ ಬಾಗಿಸಬೇಕು. 1977ರಲ್ಲಿ ಪ್ರಕಟವಾದ, ಪ್ರಪಂಚದ ಅತಿ ಕೆಟ್ಟ ಕಳೆಗಳನ್ನು ಕುರಿತ ಗ್ರಂಥದಲ್ಲಿ ಮೊದಲನೆಯ ಸ್ಥಾನ ಕೊನ್ನಾರಿಗೇ ಸಂದಿದೆ. ಅದಕ್ಕೆ ಕಾರಣವೂ ಆ ಜಪಸರವೇ. ಸರ ಅಖಂಡವಾಗಿದ್ದಾಗ ತುದಿಯ ಮೊಳಕೆ ಹಿಂದಿನ ಗಡ್ಡೆಗಳನ್ನು ನಿದ್ರೆಯಲ್ಲಿಡುತ್ತದೆ. ನೇಗಿಲು ಸರವನ್ನು ತುಂಡರಿಸಿದೊಡನೆ ಒಂದೊಂದು ಗಡ್ಡೆಯೂ ಸ್ವತಂತ್ರವಾಗಿ ಎಚ್ಚರಗೊಳ್ಳುತ್ತದೆ. ರೈತ ಶತ್ರುವನ್ನು ಕಡಿದಷ್ಟೂ ಶತ್ರುಗಳು ಹೆಚ್ಚುತ್ತಾರೆ. ರಕ್ತಬೀಜಾಸುರನ ಕಥೆಯೇ ಸರಿ. ಕೆರೆಯಂಚಿನಲ್ಲಿ ಹಂದಿ ಅಗೆದು, ಹಕ್ಕಿ ಹೆಕ್ಕಿ, ದನ ಮೇದು, ನೀರು ಏರಿ ಇಳಿದು ಇದನ್ನು ಹತೋಟಿಯಲ್ಲಿಡುತ್ತಿದ್ದವು. ಹೊಲದಲ್ಲಿ ಅವು ಯಾವುವೂ ಇಲ್ಲ, ಬಿಸಿಲು ಗೊಬ್ಬರ ನೀರು ಮಾತ್ರ ಯಥೇಚ್ಛವಾಗಿವೆ. ಊರಿನಲ್ಲಿ ಮರ್ಯಾದೆಯಿಂದ ಬಾಳುತ್ತಿದ್ದವನು ಹೇಳುವವರು ಕೇಳುವವರು ಇಲ್ಲದ ಪಟ್ಟಣ ಸೇರಿ ಪುಂಡನಾದಂತೆ.

ಕನ್ನಡದಲ್ಲಿ ಕಳೆ ಎಂಬ ಶಬ್ದಕ್ಕೆ ಎರಡು ಅರ್ಥಗಳಿರುವುದು ನಿಮಗೆ ಗೊತ್ತೇ ಇದೆ. ಕಿತ್ತುಹಾಕಬೇಕಾದ ಗಿಡ ಒಂದು ಕಳೆ. ಮುಖದ ಮೇಲಿನ ಕಾಂತಿ ಇನ್ನೊಂದು ಕಳೆ. ಮೊದಲನೆಯದು ಅಚ್ಚಗನ್ನಡ, ಎರಡನೆಯದು ಸಂಸ್ಕೃತದ ಕಲೆಯಿಂದ ಬಂದದ್ದು. ಮೂಲದಲ್ಲಿ ಅವಕ್ಕೆ ನಂಟಿಲ್ಲ. ಆದರೂ ಒಂದೇ ಗಿಡ ಹೊಲದಲ್ಲಿ ಮೊದಲ ಅರ್ಥದ ಕಳೆಯಾಗಿ, ಕೆರೆಯಲ್ಲಿ ಎರಡನೆಯ ಅರ್ಥದ ಕಳೆಯಾಗಿ ಇರುವುದನ್ನು ಕಂಡಾಗ ಭಾಷೆ ಆಕಸ್ಮಿಕವಾಗಿಯೂ ಕೆಲವೊಮ್ಮೆ ನಿಜವನ್ನು ನುಡಿಯುತ್ತದೆಂದು ಅನಿಸುತ್ತದೆ.

ಈ ವಿವೇಕ ನನಗೆ ತಡವಾಗಿ ಬಂದಿತೆಂದು ಆಗಲೇ ಹೇಳಿದೆ. ಎಷ್ಟು ತಡವಾಗಿ ಎಂಬುದನ್ನೂ ಹೇಳಿಬಿಡುತ್ತೇನೆ. ನಿವೃತ್ತನಾಗಿ ನಾನು ನೆಲೆಸಿದ ಊರಿನಲ್ಲಿ ಒಂದು ಕೆರೆಯಿದೆ. ಅದರ ಅಂಚಿನಲ್ಲಿ ಜೇಕು ದಟ್ಟವಾಗಿ ಬೆಳೆದಿತ್ತು. ಬೆಳಗಿನ ವಾಯುಸಂಚಾರಕ್ಕೆ ಹೋಗುವ ನಾವು ಕೆಲವರು ಸೇರಿ, ಕೆರೆ ಕಸದಿಂದ ತುಂಬಿದೆ, ಹಾವುಹುಪ್ಪಟೆಗಳ ಭಯವಿದೆ, ಅಂಚನ್ನು ಶುಚಿಮಾಡಿ ಓಡಾಡಲು ದಾರಿ ಮಾಡಿಕೊಡಬೇಕು ಎಂದು ಒಂದು ಮನವಿ ಸಿದ್ಧಪಡಿಸಿದೆವು. ಒಳ್ಳೆಯ ಕನ್ನಡದಲ್ಲಿರಲೆಂದು ಅದರ ಒಕ್ಕಣೆಯನ್ನು ನನ್ನಿಂದಲೇ ಬರೆಸಿದರು. ಮೊದಲ ಸಹಿಯೂ ನನ್ನದೇ. ಮನವಿ ಫಲಿಸಿತು. ಯಂತ್ರಗಳು ಬಂದು ಒಂದು ವಾರದಲ್ಲಿ ಅಂಚನ್ನೆಲ್ಲ ಕೆರೆದು, ಕಲ್ಲು ಕಟ್ಟಿ, ದೀಪದ ಕಂಬ ನೆಟ್ಟವು. ಕೆರೆ ಬಟ್ಟಲಿನಂತಾಯಿತು. ನಾವು ಸಂತೋಷಪಟ್ಟೆವು.

ಮುಂದಿನ ಬೇಸಗೆಗೆ ನೀರು ಹಸಿರು ಬಣ್ಣದ ಗಂಜಿಯಂತಾಯಿತು. ಬಾತುಗಳು ಒಂದು ಸುತ್ತು ಹಾರಿ ನೋಡಿ ಇಳಿಯದೆ ಹೋದವು. ಸಂಜೆಯ ಹೊತ್ತು ಸೊಳ್ಳೆಗಳಿಂದ ಅಲ್ಲಿ ಕೂರಲಾಗುತ್ತಿರಲಿಲ್ಲ. ಊರಿನ ಚರಂಡಿ ಮೊದಲೂ ಬರುತ್ತಿತ್ತು, ಆಗಲೂ ಬರುತ್ತಿತ್ತು; ನಡುವೆ ನಿಂತು ಅದನ್ನು ಸೋಸುತ್ತಿದ್ದ ಗಿಡ ಮಾತ್ರ ಇರಲಿಲ್ಲ. ಸಸ್ಯಶಾಸ್ತ್ರ ಕಲಿಸುತ್ತಿದ್ದ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಬಂದವರು ಕೆರೆಯನ್ನು ನೋಡಿ, "ಇಲ್ಲಿಯ ಜೇಕನ್ನು ಯಾರು ಸ್ವಾಮಿ ತೆಗೆಸಿದ್ದು?" ಎಂದು ಕೇಳಿದರು. ನಾನು ಉತ್ತರ ಹೇಳಬೇಕಾಯಿತು. ಆಗ ನನಗೆ ನಮ್ಮೂರಿನ ನೀರ್ಗಂಟಿ ನೆನಪಾದ. ಚಿಕ್ಕಂದಿನಲ್ಲಿ ನಾವು ಹುಡುಗರು ತೂಬಿನ ಬಳಿ ಜೇಕು ಕಿತ್ತು ಆಡುತ್ತಿದ್ದರೆ ಅವನು, "ಅಷ್ಟೂ ಕೀಳಬ್ಯಾಡ್ರಪ್ಪಾ, ಕೆರೆಗೂ ಗಡ್ಡ ಮೀಸೆ ಇರ್ಬೇಕು" ಎನ್ನುತ್ತಿದ್ದ. ನಾವು ನಗುತ್ತಿದ್ದೆವು. ಅಕ್ಷರ ಬಾರದ ಅವನಿಗೆ ತಿಳಿದಿದ್ದುದು, ಮನವಿಯನ್ನು ಸೊಗಸಾದ ಕನ್ನಡದಲ್ಲಿ ಬರೆದ ನನಗೆ ತಿಳಿದಿರಲಿಲ್ಲ.

ಆ ನೀರ್ಗಂಟಿ ಜೇಕನ್ನು ಎಂದೂ ಕೀಳಬಾರದೆಂದು ಹೇಳಲಿಲ್ಲ, ಅಷ್ಟನ್ನೂ ಕೀಳಬೇಡಿ ಎಂದ. ಈ ಒಂದು ಮಾತಿನಲ್ಲಿ ಭರತಪುರದ ಹತ್ತು ವರ್ಷಗಳ ಅಧ್ಯಯನದ ಸಾರವೂ ಅಡಗಿದೆಯೆಂದು ನನಗೆ ತೋರುತ್ತದೆ. ಹಿಂದೆ ಬೇಸಗೆಯಲ್ಲಿ ಕೆರೆಯಂಗಳದ ಗೋಡುಮಣ್ಣನ್ನು ಗಾಡಿಗಳಲ್ಲಿ ಹೊಲಕ್ಕೆ ಹೇರುತ್ತಿದ್ದರು, ದನಗಳು ಅಂಚನ್ನು ಮೇಯುತ್ತಿದ್ದವು, ಬೇಕಾದವರು ಬೇಕಾದಷ್ಟು ಜೇಕನ್ನು ಕೊಯ್ದು ಒಯ್ಯುತ್ತಿದ್ದರು. ಒಂದು ಮಗ್ಗುಲಲ್ಲಿ ತೆಗೆದರೆ ಇನ್ನೊಂದು ಮಗ್ಗುಲು ಉಳಿದಿರುತ್ತಿತ್ತು. ನಮ್ಮ ರಾಜ್ಯದಲ್ಲಿ ಸುಮಾರು 36,000 ಕೆರೆಗಳಿವೆಯೆಂದು ಲೆಕ್ಕ. ಅವುಗಳಲ್ಲಿ ಹೂಳೆತ್ತಬೇಕಾದವು ಬಹಳ ಇವೆ, ಎತ್ತಲೇಬೇಕು. ಎತ್ತುವಾಗ ಇಡೀ ಅಂಚನ್ನು ಒಂದೇ ಸಲಕ್ಕೆ ಕೆರೆಯದೆ ಒಂದು ಪಾಲನ್ನು ಬಿಟ್ಟರೆ, ಅಲ್ಲಿಯ ಗಡ್ಡೆ ಬೀಜಗಳಿಂದ ಉಳಿದ ಪಾಲು ತಾನೇ ಚೇತರಿಸಿಕೊಳ್ಳುತ್ತದೆ. ನೆಟ್ಟಗೆ ಗೋಡೆ ಕಟ್ಟುವ ಬದಲು ನೀರಿಗೆ ಇಳಿಜಾರು ಬಿಟ್ಟರೆ ಜೇಕಿಗೆ ಕಾಲೂರಲು ಕೆಸರಿನ ಪಟ್ಟಿ ಸಿಗುತ್ತದೆ. ಓಡಾಡುವ ದಾರಿ ಬೇಡವೆಂದಲ್ಲ. ಅದನ್ನು ಹತ್ತು ಮಾರು ಹಿಂದಕ್ಕೆ ಹಾಕಿಕೊಂಡರೆ ನಮ್ಮಂಥ ಮುದುಕರಿಗೆ ಯಾವ ನಷ್ಟವೂ ಇಲ್ಲ.

ಮೊನ್ನೆಯ ಮಳೆಗಾಲದಲ್ಲಿ ನಮ್ಮ ಕೆರೆಯ ಕಲ್ಲುಕಟ್ಟಡ ಒಂದೆಡೆ ಜರಿಯಿತು. ಜರಿದ ಜಾಗದಲ್ಲಿ ಮಣ್ಣು ಕೂತು, ಅದರಲ್ಲಿ ಐದಾರು ಜೇಕಿನ ಮೊಳಕೆಗಳು ಎದ್ದಿವೆ. ಬಗ್ಗಿ ಒಂದು ದಂಟನ್ನು ಹೊರಳಿಸಿ ನೋಡಿದೆ; ಮೂರು ಅಂಚುಗಳೂ ಬೆರಳಿಗೆ ತಾಕಿದವು. ಕಲ್ಲನ್ನು ಸರಿಪಡಿಸಿ ಆ ಜಾಗವನ್ನು ಮತ್ತೆ ಶುಚಿಮಾಡಿಸಬೇಕೆಂದು ವಾಯುಸಂಚಾರದ ಮಿತ್ರರು ಇನ್ನೊಂದು ಮನವಿಯ ಯೋಚನೆಯಲ್ಲಿದ್ದಾರೆ. ಒಕ್ಕಣೆ ಬರೆದುಕೊಡಿ ಎಂದು ನನ್ನನ್ನೇ ಕೇಳಿದ್ದಾರೆ. ಈ ಸಲವೂ ನಾನೇ ಬರೆಯುತ್ತೇನೆಂದು ಒಪ್ಪಿಕೊಂಡಿದ್ದೇನೆ. ಅದರಲ್ಲಿ ಏನು ಬರೆಯಲಿದ್ದೇನೆಂಬುದನ್ನು ಅವರಿಗಿಂತ ಮೊದಲು ನಿಮಗೆ ಹೇಳಿದಂತಾಯಿತು.

(ಬಾನುಲಿ ಭಾಷಣ)